ಡಬ್ಬಿಯೊಳಗಿಲ್ಲದ ಹೊಳಪು

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆ ಜಲಾಶಯದಲ್ಲಿ ನೀರು ನಿಂತ ವರ್ಷ, ಬೆಳಗಿನ ಗಾಳಿ ಏಳುವ ಮುನ್ನ ಏರಿಯ ಮೇಲೆ ನಿಂತವರಿಗೆ ಗುಡ್ಡ ಎರಡೆರಡು ಕಾಣುತ್ತದೆ. ಒಂದು ದಡದಾಚೆ ನೆಟ್ಟಗೆ, ಇನ್ನೊಂದು ನೀರಿನೊಳಗೆ ತಲೆಕೆಳಗಾಗಿ. ಬಿಸಿಲೇರಿ ಗಾಳಿ ಬೀಸತೊಡಗಿತೆಂದರೆ ನೀರಿನೊಳಗಿನ ಗುಡ್ಡ ಚೂರುಚೂರಾಗಿ ಮಾಯವಾಗುತ್ತದೆ. ನೀರು ಅದೇ, ಬೆಳಕೂ ಅದೇ. ಬದಲಾದದ್ದು ನೀರಿನ ಮೈ ಮಾತ್ರ. ಮೈಸೂರು ಅರಸರ ಕಾಲದಲ್ಲಿ, ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ, ಸುವರ್ಣಮುಖಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಈ ಕೆರೆ ಸುತ್ತಲಿನ ತೋಟಗಳಿಗೆ ಏನೇನು ಕೊಟ್ಟಿದೆಯೋ ಅದು ಬೇರೆ ಕಥೆ. ಹೊಳಪು ಎಂದರೇನು ಎಂಬ ಪಾಠವನ್ನಂತೂ ಅದು ಪ್ರತಿದಿನ ಬೆಳಿಗ್ಗೆ ಪುಕ್ಕಟೆಯಾಗಿ ಹೇಳಿಕೊಡುತ್ತದೆ.

ಈ ಪಾಠ ಬೇಕಾಗುವುದು ಶಾಲೆಗಳಲ್ಲಿ ವಸ್ತುಪ್ರದರ್ಶನದ ದಿನ ಹತ್ತಿರ ಬಂದಾಗ. ಹುಡುಗರು ಥರ್ಮೊಕೋಲಿನಲ್ಲಿ ಅಣೆಕಟ್ಟು ಕೊರೆದು, ಗುಡ್ಡಕ್ಕೆ ಹಸಿರು ಬಳಿದು, ಏರಿಯ ಮೇಲಿನ ರಸ್ತೆಗೆ ಪುಟ್ಟದೊಂದು ಪ್ಲಾಸ್ಟಿಕ್ ಬಸ್ಸನ್ನೋ ಕಾರನ್ನೋ ತಂದಿಡುತ್ತಾರೆ. ಬಿಳಿಯದೋ ಬೂದಿಯದೋ ಆದ ಆ ಗಾಡಿಗೆ ಕೆಂಪು ಬಣ್ಣ ಹಚ್ಚಿದರೆ ನಿಜವಾದ ಗಾಡಿಯಂತೆ ಮಿರಮಿರನೆ ಮಿಂಚಬೇಕೆಂಬುದು ಆಸೆ. ಹಿಂದಿನ ರಾತ್ರಿ ಕುಳಿತು ಬಳಿದದ್ದಾಯಿತು. ಬೆಳಿಗ್ಗೆ ನೋಡಿದರೆ ಕುಂಚದ ಗೆರೆ, ಮೂಲೆಯಲ್ಲಿ ಇಳಿದ ಬಣ್ಣದ ತೊಟ್ಟು, ಮೇಲೆ ಅಂಟಿದ ಕೂದಲು, ಮುಟ್ಟಿದರೆ ಬೆರಳಚ್ಚು! ಬಣ್ಣ ಸರಿಯಿಲ್ಲ ಎಂದು ಅಂಗಡಿಯವನನ್ನು ದೂರುವವರೇ ಹೆಚ್ಚು. ನಿಜ ಹೇಳಬೇಕೆಂದರೆ, ಆ ಡಬ್ಬಿಯ ಬಣ್ಣದಲ್ಲಿ ದೋಷವಿರುವುದು ಅಪರೂಪ. ಹೊಳಪು ಡಬ್ಬಿಯಲ್ಲಿರುವ ವಸ್ತುವೇ ಅಲ್ಲ.

ಬೆಳಕು ನಯವಾದ ಮೈಯ ಮೇಲೆ ಬಿದ್ದಾಗ ಬಂದ ಕೋನದಲ್ಲೇ ಒಟ್ಟಾಗಿ ತಿರುಗಿ ಹೋಗುತ್ತದೆ. ಆಗ ಅದರಲ್ಲಿ ಕಿಟಕಿಯ ಪ್ರತಿಬಿಂಬ ಕಾಣುತ್ತದೆ, ನಾವು ಅದನ್ನು ಹೊಳಪು ಎನ್ನುತ್ತೇವೆ. ಮೈಯಲ್ಲಿ ಏರುತಗ್ಗುಗಳಿದ್ದರೆ ಬೆಳಕಿನ ಒಂದೊಂದು ಎಳೆ ಒಂದೊಂದು ದಿಕ್ಕಿಗೆ ಚದುರುತ್ತದೆ, ಬಣ್ಣ ಮಂಕಾಗಿ ಕಾಣುತ್ತದೆ. ಎಷ್ಟು ಸಣ್ಣ ಏರುತಗ್ಗು? ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ 0.4 ರಿಂದ 0.7 ಮೈಕ್ರಾನ್. ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್. ಮೈಯ ಒರಟು ಈ ಅಲೆಯ ಉದ್ದಕ್ಕಿಂತ ಬಹಳ ಕಡಿಮೆಯಿದ್ದರೆ ಮಾತ್ರ ಕನ್ನಡಿಯಂಥ ಹೊಳಪು. ಒಂದು ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ನೆನೆದರೆ ಕೆಲಸದ ನಾಜೂಕು ಅರ್ಥವಾದೀತು.

ಅಂಗಡಿಯಿಂದ ತಂದ ಹೊಸ ಪ್ಲಾಸ್ಟಿಕ್ ಆಟಿಕೆಗೆ ಯಾರೂ ಬಣ್ಣ ಹಚ್ಚದೆಯೇ ಹೊಳಪು ಬಂದಿರುತ್ತದಲ್ಲ, ಅದು ಹೇಗೆ? ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ತುಂಬುತ್ತಾರೆ. ಅಚ್ಚಿನ ಒಳಮೈಯನ್ನು ಕಾರ್ಖಾನೆಯಲ್ಲಿ ಮೊದಲೇ ಉಜ್ಜಿ ಉಜ್ಜಿ ಕನ್ನಡಿ ಮಾಡಿರುತ್ತಾರೆ. ಪ್ಲಾಸ್ಟಿಕ್ ಅದರ ಪಡಿಯಚ್ಚಾಗಿ ಹೊರಗೆ ಬರುತ್ತದೆ. ಎಂದರೆ ಅಲ್ಲಿಯೂ ಹೊಳಪು ಉಜ್ಜಿದವರ ಕೈಯದೇ, ಉಜ್ಜಿದ್ದು ಆಟಿಕೆಯನ್ನಲ್ಲ, ಅಚ್ಚನ್ನು ಅಷ್ಟೆ.

ಕರಟದಿಂದ ಕಲಿಯುವುದು

ಬಣ್ಣವೇ ಇಲ್ಲದೆ ಹೊಳಪು ಬರುತ್ತದೆ ಎಂಬುದನ್ನು ನಂಬದವರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹುಟ್ಟಿದ್ದರೆ ಅವರ ಮನೆಯಲ್ಲೇ ಸಾಕ್ಷಿ ಇದೆ. ಒಲೆಗೆ ಹೋಗಬೇಕಾದ ಒಂದು ಕರಟವನ್ನು ಎತ್ತಿಕೊಂಡು ಹೊರಮೈಯ ನಾರನ್ನು ಚೂರಿಯಿಂದ ಕೆರೆದು ತೆಗೆಯಬೇಕು. ಮೊದಲು ಒರಟು ಉಪ್ಪುಕಾಗದ, ಆಮೇಲೆ ಅದಕ್ಕಿಂತ ನುಣ್ಣನೆಯದು, ಆಮೇಲೆ ಇನ್ನೂ ನುಣ್ಣನೆಯದು. ಉಪ್ಪುಕಾಗದದ ಹಿಂದೆ ಬರೆದಿರುವ ಸಂಖ್ಯೆ ದೊಡ್ಡದಾದಷ್ಟೂ ಅದರ ಹರಳು ಚಿಕ್ಕದು. 80 ರಿಂದ ಹೊರಟು 220, 400, 1000 ದಾಟುವ ಹೊತ್ತಿಗೆ ಮಣ್ಣುಬಣ್ಣದ ಕರಟ ಕಪ್ಪು ಕಲ್ಲಿನಂತೆ ಮಿನುಗತೊಡಗುತ್ತದೆ. ಒಂದು ಹನಿ ಬಣ್ಣವನ್ನೂ ಹಾಕಿಲ್ಲ. ಒರಟು ಕಾಗದದ ಗೀರುಗಳು ಪೂರ್ತಿ ಹೋಗುವ ಮುನ್ನವೇ ಅವಸರಪಟ್ಟು ನುಣುಪು ಕಾಗದ ಹಿಡಿದವರ ಕರಟ ಮಾತ್ರ ಕೊನೆಯವರೆಗೂ ಗೀರು ಗೀರಾಗಿಯೇ ಉಳಿಯುತ್ತದೆ. ಪ್ಲಾಸ್ಟಿಕ್ಕಿಗೆ ಕೈ ಹಾಕುವ ಮುನ್ನ ಒಂದು ಭಾನುವಾರ ಕರಟಕ್ಕೆ ಕೊಟ್ಟರೆ ನಷ್ಟವೇನಿಲ್ಲ.

ಕರ್ನಾಟಕದಲ್ಲಿ ಪುಟ್ಟ ಆಟಿಕೆಗಳ ಹೊಳಪಿಗೆ ಹೆಸರಾದ ಊರು ಚನ್ನಪಟ್ಟಣ. ಅಲ್ಲಿನ ಕೆಲಸಗಾರರು ಹಾಲೆ ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತ ಮೊದಲು ಉಳಿಯಿಂದ ಆಕಾರ ಕೊಡುತ್ತಾರೆ, ಉಪ್ಪುಕಾಗದದಿಂದ ನಯ ಮಾಡುತ್ತಾರೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಮರದ ಮೇಲೆ ಹರಡುತ್ತದೆ. ಅಷ್ಟಕ್ಕೇ ಬಿಟ್ಟರೆ ಅದು ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಕೇದಗೆ ಜಾತಿಯ ಗಿಡದ ಒಣಗಿದ ಗರಿಯನ್ನು ಮಡಿಸಿ, ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿದಾಗ ಅರಗು ಒಂದೇ ಸಮನಾಗಿ ಚಾಚಿಕೊಂಡು ಗಾಜಿನ ಹೊಳಪು ಬರುತ್ತದೆ. ಬಣ್ಣ ಕೊಟ್ಟದ್ದು ಅರಗು, ಹೊಳಪು ಕೊಟ್ಟದ್ದು ಗರಿ. ಟಿಪ್ಪು ಸುಲ್ತಾನನ ಕಾಲಕ್ಕೆ ಈ ಕಲೆಯ ಬೇರನ್ನು ಒಯ್ಯುತ್ತಾರೆ.

ಅರಗು ಒಂದು ಬಗೆಯ ಪುಟ್ಟ ಕೀಟ ಮರದ ರೆಂಬೆಯ ಮೇಲೆ ಸ್ರವಿಸುವ ರಾಳ. ಮೈಸೂರು ಸೀಮೆಯ ಕಾಡಿನಲ್ಲಿ ಸಿಗುತ್ತಿದ್ದ ಈ ಅರಗನ್ನೇ ನೆಚ್ಚಿಕೊಂಡು ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಮೈಸೂರಿನಲ್ಲಿ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಕಾರ್ಖಾನೆಯನ್ನು ಆರಂಭಿಸಿದರು. ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಅದೇ. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದೂ ಅಲ್ಲಿಯೇ. ಹೆಸರಿನಲ್ಲಿದ್ದ ಲ್ಯಾಕ್ ಹೋಯಿತು, ಬೆರಳಿನ ಶಾಯಿಯಿಂದ ಹೆಸರು ಬಂತು!

ತೆಂಗಿನ ಸೀಮೆಯ ಹುಡುಗರಿಗೆ ಇಲ್ಲೊಂದು ಬಲೆ ಕಾದಿದೆ. ಮಂಕಾದ ಆಟಿಕೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ ಕ್ಷಣದಲ್ಲಿ ಹೊಳೆಯುತ್ತದೆ. ಏಕೆಂದರೆ ಎಣ್ಣೆ ಆ ಮೈಯ ಸಣ್ಣ ತಗ್ಗುಗಳನ್ನು ತುಂಬಿ ಸಮ ಮಾಡುತ್ತದೆ. ಆದರೆ ಕೊಬ್ಬರಿ ಎಣ್ಣೆ ಎಂದಿಗೂ ಒಣಗುವುದಿಲ್ಲ. ಎರಡೇ ದಿನದಲ್ಲಿ ಊರಿನ ಧೂಳೆಲ್ಲ ಅದರ ಮೇಲೆ ಕೂರುತ್ತದೆ. ಅಗಸೆ ಎಣ್ಣೆ ಹಾಗಲ್ಲ. ಗಾಜಿನ ಮೇಲೆ ತೆಳುವಾಗಿ ಸವರಿ ಇಟ್ಟರೆ ಅದು ಕೆಲವು ದಿನಗಳಲ್ಲಿ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿ ಪೊರೆಯಾಗುತ್ತದೆ. ಪಿ.ಯು.ಸಿ. ಓದುವವರು ಅಯೋಡಿನ್ ಸಂಖ್ಯೆ ಎಂಬ ಮಾತನ್ನು ಕೇಳಿರಬಹುದು. ಎಣ್ಣೆಯ ಅಣುಗಳಲ್ಲಿ ಎಷ್ಟು ಜೋಡಿ ಬಂಧಗಳಿವೆ ಎಂಬುದರ ಅಳತೆ ಅದು. ಕೊಬ್ಬರಿ ಎಣ್ಣೆಗೆ ಅದು ಹತ್ತರ ಆಸುಪಾಸು, ಅಗಸೆ ಎಣ್ಣೆಗೆ 170ಕ್ಕೂ ಮೇಲೆ. ಈ ಬಂಧಗಳ ಮೂಲಕವೇ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಎಣ್ಣೆ ಗಟ್ಟಿಯಾಗುವುದು. ಅಂಗಡಿಯ ಎನಾಮಲ್ ಬಣ್ಣದ ಒಳಗುಟ್ಟೂ ಇದೇ. ಒಣಗುವ ಎಣ್ಣೆಯ ಅಂಶ ಸೇರಿಸಿ ತಯಾರಿಸಿದ ರಾಳ ಅದರಲ್ಲಿರುತ್ತದೆ.

ಒಣಗದ ಎಣ್ಣೆ ಹೊಳಪಿಗೆ ಇನ್ನೊಂದು ಕಡೆಯಿಂದಲೂ ಶತ್ರು. ತಲೆಗೆ ಎಣ್ಣೆ ಹಚ್ಚಿ ಬಾಚಿದ ಕೈಯಿಂದಲೇ ಆಟಿಕೆ ಹಿಡಿದರೆ ಬೆರಳಿನ ಜಿಡ್ಡು ಅದರ ಮೈಗೆ ಅಂಟುತ್ತದೆ. ಬಣ್ಣ ಹಚ್ಚಿದಾಗ ಆ ಜಾಗದಲ್ಲಿ ಬಣ್ಣ ಹಿಂದೆ ಸರಿದು ಮೀನಿನ ಕಣ್ಣಿನಂಥ ದುಂಡು ಕಲೆ ಮೂಡುತ್ತದೆ. ಇದಕ್ಕೆ ಮೇಲೆ ಇನ್ನೆಷ್ಟು ಬಣ್ಣ ಬಳಿದರೂ ಪ್ರಯೋಜನವಿಲ್ಲ. ಹೊಸ ಆಟಿಕೆಗೂ ಅಚ್ಚಿನಿಂದ ಸುಲಭವಾಗಿ ಬಿಡಿಸಿಕೊಳ್ಳಲೆಂದು ಕಾರ್ಖಾನೆಯಲ್ಲಿ ಸಿಂಪಡಿಸಿದ ಜಿಡ್ಡು ಅಂಟಿರಬಹುದು. ಆದ್ದರಿಂದ ಮೊದಲ ಕೆಲಸ ಸ್ನಾನ. ಪಾತ್ರೆ ತೊಳೆಯುವ ಸಾಬೂನು ಬೆರೆಸಿದ ಉಗುರುಬೆಚ್ಚಗಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಸಾಬೂನು ಪೂರ್ತಿ ಹೋಗುವಂತೆ ತೊಳೆದು ನೆರಳಿನಲ್ಲಿ ಒಣಗಿಸಿ, ಮುಂದೆ ಗಾಡಿಯನ್ನು ಮುಟ್ಟದೆ ಕೆಳಗಿನಿಂದ ಒಂದು ಕಡ್ಡಿಗೆ ಸಿಕ್ಕಿಸಿ ಹಿಡಿಯುವುದು ಲೇಸು.

ಮುಳುಗುವುದೋ ತೇಲುವುದೋ

ಎಲ್ಲ ಪ್ಲಾಸ್ಟಿಕ್ಕಿಗೂ ಬಣ್ಣ ಹಿಡಿಯುವುದಿಲ್ಲ. ಜಾತ್ರೆಯಲ್ಲಿ ಕೊಂಡ ಮೆತ್ತನೆಯ ಗೊಂಬೆ, ಬಕೆಟ್ಟು, ಡಬ್ಬಿಯ ಮುಚ್ಚಳ ಇವೆಲ್ಲ ಸಾಮಾನ್ಯವಾಗಿ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್. ಇವುಗಳ ಮೇಲೆ ಎಂಥ ಬಣ್ಣ ಬಳಿದರೂ ಒಣಗಿದ ಮೇಲೆ ಉಗುರಿನಿಂದ ಸಿಪ್ಪೆಯಂತೆ ಸುಲಿಯಬಹುದು. ಕೂಡಿಸಿ ಕಟ್ಟುವ ವಿಮಾನ, ಕಾರುಗಳ ಪೆಟ್ಟಿಗೆಗಳಲ್ಲಿ ಬರುವ ಬಿಡಿಭಾಗಗಳು ಪಾಲಿಸ್ಟೈರೀನ್. ಇಂಗ್ಲೆಂಡಿನ ಏರ್‌ಫಿಕ್ಸ್, ಜಪಾನಿನ ತಮಿಯಾ ಮುಂತಾದ ಕಂಪನಿಗಳು ಬಳಸುವುದು ಇದನ್ನೇ. ಯಾವುದು ಯಾವುದೆಂದು ತಿಳಿಯಲು ಪರೀಕ್ಷೆ ಸುಲಭ. ಒಡೆದ ಒಂದು ಚೂರನ್ನು ಲೋಟದ ನೀರಿನಲ್ಲಿ ಅದ್ದಿ, ಅಂಟಿದ ಗಾಳಿಗುಳ್ಳೆಗಳನ್ನು ಉದುರಿಸಿ ಬಿಡಬೇಕು. ಪಾಲಿಥೀನೂ ಪಾಲಿಪ್ರೊಪಿಲೀನೂ ನೀರಿಗಿಂತ ಹಗುರ, ತೇಲುತ್ತವೆ. ಪಾಲಿಸ್ಟೈರೀನಿನ ಸಾಂದ್ರತೆ 1.05, ಮುಳುಗುತ್ತದೆ. ತೇಲಿದ ಆಟಿಕೆಯನ್ನು ಅದರ ಪಾಡಿಗೆ ಬಿಡುವುದು ಜಾಣತನ.

ಕೈ ಪಳಗಿಸಿಕೊಳ್ಳಲು ಒಳ್ಳೆಯ ಗಾಡಿಯನ್ನೇ ಹಾಳುಗೆಡವಬೇಕಾಗಿಲ್ಲ. ಹಿಂದೆ ಇದಕ್ಕೆ ಐಸ್‌ಕ್ರೀಮಿನ ಪ್ಲಾಸ್ಟಿಕ್ ಚಮಚಗಳು ಸಿಗುತ್ತಿದ್ದವು. 2022ರ ಜುಲೈ 1ರಿಂದ ಅವು ದೇಶದಲ್ಲಿ ನಿಷಿದ್ಧ. ಆದರೆ ಈಗ ಯಾರೂ ಕೇಳದ ಸಿ.ಡಿ.ಗಳ ಪಾರದರ್ಶಕ ಡಬ್ಬಿ ಹಲವು ಮನೆಗಳಲ್ಲಿ ಬಿದ್ದಿರುತ್ತದೆ. ಅದೂ ಪಾಲಿಸ್ಟೈರೀನೇ, ಸಾಲದ್ದಕ್ಕೆ ಸಮತಟ್ಟು. ಹಳೆಯ ಹಾಡುಗಳ ಡಬ್ಬಿಯ ಮೇಲೆ ಮೂರು ನಾಲ್ಕು ಬಾರಿ ಬಳಿದು ನೋಡಿದರೆ ಕೈಗೆ ಹದ ಸಿಗುತ್ತದೆ.

ಹೊಳೆಯುತ್ತಿರುವ ಪ್ಲಾಸ್ಟಿಕ್ಕನ್ನು ಮೊದಲು ಮಂಕು ಮಾಡಬೇಕೆಂದರೆ ಮಕ್ಕಳಿಗೆ ವಿಚಿತ್ರವೆನಿಸೀತು. ಬಣ್ಣಕ್ಕೆ ಕಚ್ಚಿ ಹಿಡಿಯಲು ಸಣ್ಣ ಒರಟುತನ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿದರೆ ಕೊಡುವ ಕಪ್ಪು ಕಾಗದದಲ್ಲಿ 800 ಅಥವಾ 1000 ಸಂಖ್ಯೆಯದನ್ನು ನೀರಿನಲ್ಲಿ ಅದ್ದಿ, ಒತ್ತದೆ, ಹಗುರವಾಗಿ ತೀಡಿದರೆ ಸಾಕು. ನೀರಿದ್ದರೆ ಪುಡಿ ಮೂಗಿಗೆ ಏರುವುದಿಲ್ಲ, ಕಾಗದವೂ ಕಟ್ಟಿಕೊಳ್ಳುವುದಿಲ್ಲ. ಅಚ್ಚಿನ ಎರಡು ಭಾಗ ಕೂಡಿದಲ್ಲಿ ಎದ್ದಿರುವ ಗೆರೆಯನ್ನು ಈಗಲೇ ತೆಗೆಯದಿದ್ದರೆ ಹೊಳಪು ಬಂದ ಮೇಲೆ ಅದು ಎರಡರಷ್ಟು ಎದ್ದು ಕಾಣುತ್ತದೆ. ಮಂಕು ಬಣ್ಣ ತಪ್ಪನ್ನು ಮುಚ್ಚುತ್ತದೆ, ಹೊಳಪಿನ ಬಣ್ಣ ಸಾರಿ ಹೇಳುತ್ತದೆ. ಅದರಲ್ಲೂ ಕಪ್ಪು ಬಣ್ಣಕ್ಕೆ ದಯೆಯೇ ಇಲ್ಲ. ಮೊದಲ ಸಲ ಮಾಡುವವರು ಕಪ್ಪು ಕಾರಿನ ಆಸೆ ಬಿಡುವುದು ಒಳ್ಳೆಯದು.

ಪ್ರೈಮರನ್ನು ಬೂದು ಬಣ್ಣದ್ದು ಹಚ್ಚಿದರೆ ಉಳಿದ ಗೀರುಗಳು ಚೆನ್ನಾಗಿ ಕಾಣುತ್ತವೆ. ಕೆಂಪು, ಹಳದಿ ಬಳಿಯುವುದಿದ್ದರೆ ಅದರ ಮೇಲೊಂದು ಬಿಳಿ ಪದರ ಬೇಕು. ಈ ಎರಡು ಬಣ್ಣಗಳಿಗೆ ಅಡಿಯ ಬಣ್ಣವನ್ನು ಮುಚ್ಚುವ ಶಕ್ತಿ ಕಡಿಮೆ. ಬೂದಿಯ ಮೇಲೆ ನೇರವಾಗಿ ಬಳಿದ ಕೆಂಪು ಹಳೆಯ ಇಟ್ಟಿಗೆಯಂತೆ ಕಂಡರೆ ಆಶ್ಚರ್ಯವಿಲ್ಲ.

ಇನ್ನು ಬಣ್ಣದ ಹದ. ಡಬ್ಬಿಯಲ್ಲಿರುವ ಎನಾಮಲ್ ಬಾಗಿಲು ಕಿಟಕಿಗೆಂದು ಮಾಡಿದ್ದು, ಅಂಗೈಯಗಲದ ಗಾಡಿಗೆ ಅದು ಬಹಳ ಗಟ್ಟಿ. ತಳದವರೆಗೆ ಚೆನ್ನಾಗಿ ಕಲಕಿ, ಬೇಕಾದಷ್ಟನ್ನು ಮಾತ್ರ ಒಂದು ಬಟ್ಟಲಿಗೆ ತೆಗೆದುಕೊಂಡು ಟರ್ಪೆಂಟೈನ್ ಬೆರೆಸಬೇಕು. ಎಷ್ಟು ಎಂದರೆ, ತೆಂಗಿನ ಸೀಮೆಯವರಿಗೆ ಕಾಯಿಹಾಲಿನ ಲೆಕ್ಕ ಹೇಳಿದರೆ ಬೇಗ ತಿಳಿಯುತ್ತದೆ. ಮೊದಲ ಹಿಂಡಿನ ಗಟ್ಟಿ ಹಾಲಲ್ಲ, ಎರಡನೇ ಹಿಂಡಿನ ತೆಳುಹಾಲು. ಮೆದುವಾದ ಚಪ್ಪಟೆ ಕುಂಚದಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ದಿಕ್ಕಿನಲ್ಲಿ ಎಳೆದು, ಹಿಂದಿನ ಗೆರೆಯ ಅಂಚು ಹಸಿಯಿರುವಾಗಲೇ ಪಕ್ಕದ ಗೆರೆಯನ್ನು ಕೂಡಿಸಬೇಕು. ಬಳಿದಾದ ಮೇಲೆ ಅಲ್ಲೊಂದು ಜಾಗ ತೆಳುವಾಗಿದೆಯಲ್ಲ ಎಂದು ಮತ್ತೆ ಕುಂಚ ಆಡಿಸುವುದೇ ಹೆಚ್ಚಿನ ಗಾಡಿಗಳನ್ನು ಕೆಡಿಸುವ ಚಪಲ. ಬಣ್ಣ ದ್ರವವಾಗಿರುವಷ್ಟು ಹೊತ್ತು ಅದರ ಮೇಲ್ಮೈ ಸೆಳೆತ ಕುಂಚದ ಗೆರೆಗಳನ್ನು ತಾನೇ ಎಳೆದು ಸಮ ಮಾಡುತ್ತದೆ, ಗಾಳಿ ನಿಂತ ಮೇಲೆ ಕೆರೆಯ ನೀರು ಸಮವಾಗುವಂತೆ. ಅರೆ ಒಣಗಿದ ಮೇಲೆ ಕೆದಕಿದರೆ ಆ ಗೆರೆ ಹಾಗೆಯೇ ನಿಲ್ಲುತ್ತದೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಮಕ್ಕಳಿಗೆ ನಿರಪಾಯಕಾರಿಯಾದರೂ ಬೇಗ ಒಣಗುವುದರಿಂದ ಸಮವಾಗಲು ಅದಕ್ಕೆ ಸಮಯ ಸಿಗುವುದಿಲ್ಲ. ಅದನ್ನು ಬಳಸುವವರು ಹೊಳಪನ್ನು ಮೇಲೆ ಹಚ್ಚುವ ಪಾರದರ್ಶಕ ವಾರ್ನಿಶ್ಶಿನಿಂದ ಪಡೆಯಬೇಕು. ಸ್ಪ್ರೇ ಡಬ್ಬಿಯಿದ್ದರೆ ಒಂದು ಗೇಣು ದೂರದಿಂದ, ಗಾಡಿಯ ಆಚೆ ಶುರುಮಾಡಿ ಈಚೆ ಮುಗಿಸುವಂತೆ ಕೈ ಆಡಿಸಬೇಕು. ಹತ್ತಿರ ಹಿಡಿದರೆ ಬಣ್ಣ ಸೋರುತ್ತದೆ, ದೂರ ಹಿಡಿದರೆ ಹನಿಗಳು ದಾರಿಯಲ್ಲೇ ಒಣಗಿ ಮರಳಿನಂತೆ ಕೂರುತ್ತವೆ.

ತೆಳು ಪದರ ಏಕೆ ಎಂಬುದಕ್ಕೆ ಒಂದು ಲೆಕ್ಕವಿದೆ. ನಿಜವಾದ ಕಾರಿನ ಮೇಲೆ ಎಲ್ಲ ಪದರಗಳೂ ಸೇರಿ ಬಣ್ಣದ ದಪ್ಪ ಹೆಚ್ಚುಕಡಿಮೆ 100 ರಿಂದ 150 ಮೈಕ್ರಾನ್. ಇಪ್ಪತ್ತನಾಲ್ಕರಲ್ಲಿ ಒಂದು ಅಳತೆಯ ಮಾದರಿಗೆ ಅದನ್ನು ಇಳಿಸಿದರೆ 4 ರಿಂದ 6 ಮೈಕ್ರಾನ್ ಆಗುತ್ತದೆ. ಅಷ್ಟು ತೆಳುವಾಗಿ ಬಳಿಯುವುದು ಯಾರಿಂದಲೂ ಆಗದು. ಕುಂಚದ ಒಂದು ಪದರ ಒಣಗಿದಾಗ 30 ಮೈಕ್ರಾನ್ ಉಳಿಯಿತೆಂದು ಇಟ್ಟುಕೊಂಡರೂ ಮೂರು ಪದರಕ್ಕೆ 90. ಅದನ್ನು ನಿಜವಾದ ಕಾರಿಗೆ ಏರಿಸಿದರೆ ಎರಡು ಮಿಲಿಮೀಟರಿಗೂ ಮೇಲೆ! ಬಾಗಿಲಿನ ಸಂದು, ದೀಪದ ಅಂಚು ಎಲ್ಲವೂ ಬಣ್ಣದಲ್ಲಿ ಹೂತುಹೋದ ಗಾಡಿ ಬೆಲ್ಲದ ಪಾಕದಲ್ಲಿ ಅದ್ದಿದಂತೆ ಕಾಣುವುದು ಇದರಿಂದಲೇ. ಒಂದೇ ಸಲ ದಪ್ಪಗೆ ಬಳಿದ ಬಣ್ಣ ಮೇಲೆ ಮಾತ್ರ ಒಣಗಿ ಒಳಗೆ ಹಸಿಯಾಗಿ ಉಳಿದು ಆಮೇಲೆ ಸುಕ್ಕುಗಟ್ಟುವುದೂ ಉಂಟು.

ಕಾಯುವ ಕೆಲಸ

“ಓದೋದ್ ಬಿಟ್ಟು ಎಷ್ಟೊತ್ತು ಬಳ್ಕೊಂಡ್ ಕೂರ್ತೀಯೋ ಮಗಾ?” ಎಂದು ಅಡಿಗೆಮನೆಯಿಂದ ಕೂಗು ಬಂದರೆ, “ಇನ್ನೊಂದ್ ಕೋಟ್ ಅಷ್ಟೇ ಕಣಮ್ಮ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಇನ್ನೊಂದು ಕೋಟನ್ನು ಅದೇ ರಾತ್ರಿ ಹಾಕುವುದೇ ಅನಾಹುತ. ಎನಾಮಲ್ ಒಣಗುವುದು ಎರಡು ಹಂತದಲ್ಲಿ. ಮೊದಲು ಟರ್ಪೆಂಟೈನ್ ಆವಿಯಾಗುತ್ತದೆ. ಕೆಲವು ಗಂಟೆಗಳಲ್ಲಿ ಮುಟ್ಟಿದರೆ ಅಂಟುವುದಿಲ್ಲ. ಇದನ್ನೇ ಒಣಗಿತೆಂದು ನಂಬುವುದು ಸುಲಭ. ಆದರೆ ಗಾಳಿಯ ಆಮ್ಲಜನಕ ಪದರದ ಒಳಕ್ಕೆ ಇಳಿದು ಅಣುಗಳನ್ನು ಹೆಣೆಯುವ ಎರಡನೆಯ ಹಂತಕ್ಕೆ ದಿನಗಳೇ ಬೇಕು. ತಿಪಟೂರಿನ ಕಡೆ ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಡುವೆ ಒಡೆದು ನೋಡಿದವನಿಗೆ ಕೊಬ್ಬರಿಯೂ ಇಲ್ಲ, ಕಾಯಿಯೂ ಇಲ್ಲ. ಆದ್ದರಿಂದ ಪ್ರದರ್ಶನಕ್ಕೆ ಮೂರು ವಾರ ಮೊದಲೇ ಕೆಲಸ ಹೂಡಬೇಕು. ತೊಳೆದು ತೀಡಲು ಒಂದು ದಿನ, ಪ್ರೈಮರಿಗೆ ಒಂದು ದಿನ ಬಿಟ್ಟರೆ, ಒಂದೊಂದು ಪದರಕ್ಕೂ ಕನಿಷ್ಠ ಎರಡು ದಿನ ಬಿಡುವು, ಕೊನೆಯ ಪದರದ ಮೇಲೆ ಒಂದು ವಾರ. ಬಳಿಯುವ ಹೊತ್ತು ಎಲ್ಲ ಸೇರಿ ಎರಡು ಗಂಟೆ ಮೀರದು. ಓದಿಗೆ ಅಡ್ಡಿ ಬರುವುದು ಕೊನೆಯ ರಾತ್ರಿಯ ಅವಸರವೇ ಹೊರತು ಬಣ್ಣವಲ್ಲ ಎಂದು ತಾಯಿ ತಂದೆಯರಿಗೂ ಹೇಳಬೇಕಾಗಿದೆ.

ಕಾಯುವಾಗಿನ ವೈರಿ ಧೂಳು. ಆಷಾಢದ ಗಾಳಿಯಲ್ಲಿ, ಕಾಯಿ ಸುಲಿಯುವ ಜಾಗದ ಹತ್ತಿರ, ನಾರಿನ ಪುಡಿ ಹಾರುವಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ಸಂಕ್ರಾಂತಿ ಕಳೆದ ಮೇಲಿನ ದಿನಗಳು ಅನುಕೂಲ. ಬಳಿಯುವ ಮುನ್ನ ನೆಲಕ್ಕೆ ತೆಳುವಾಗಿ ನೀರು ಚಿಮುಕಿಸಿದರೆ, ಅಂಗಳ ಗುಡಿಸುವಾಗ ಮಾಡುವಂತೆ, ಧೂಳು ಏಳುವುದಿಲ್ಲ. ಬಳಿದೊಡನೆ ಗಾಡಿಯ ಮೇಲೆ ಒಂದು ರಟ್ಟಿನ ಪೆಟ್ಟಿಗೆಯನ್ನು, ಗಾಳಿಯಾಡಲು ಒಂದು ಅಂಚಿಗೆ ಕಡ್ಡಿ ಕೊಟ್ಟು, ಬೋರಲು ಹಾಕಬೇಕು. ಮಳೆಗಾಲದಲ್ಲಿ ಬೇಗ ಒಣಗುವ ಸ್ಪ್ರೇ ಬಣ್ಣದ ಮೇಲೆ ಹಾಲು ಚೆಲ್ಲಿದಂತೆ ಬಿಳುಪು ಕಾಣುವುದುಂಟು. ದ್ರಾವಕ ಸರಸರನೆ ಆವಿಯಾಗುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಕೂರುವುದೇ ಅದಕ್ಕೆ ಕಾರಣ.

ಇಷ್ಟಾದರೂ ಕೊನೆಯ ಪದರದಲ್ಲಿ ನಾಲ್ಕಾರು ಧೂಳಿನ ಕಣ ಇದ್ದೇ ಇರುತ್ತವೆ. ಹೆದರಬೇಕಾಗಿಲ್ಲ. ವಾರ ಕಳೆದು ಬಣ್ಣ ಗಟ್ಟಿಯಾದ ಮೇಲೆ 2000 ಸಂಖ್ಯೆಯ ವಾಟರ್ ಪೇಪರಿಗೆ ಒಂದು ಹನಿ ಸಾಬೂನು ನೀರು ಸೇರಿಸಿ ಮೆಲ್ಲಗೆ ತೀಡಿದರೆ ಕಣಗಳು ಹೋಗುತ್ತವೆ. ಹೊಳಪೂ ಹೋಗುತ್ತದೆ! ಗಾಡಿ ಬೂದಿ ಬಳಿದಂತೆ ಮಂಕಾಗುತ್ತದೆ. ಧೈರ್ಯಗೆಡಬೇಕಾದ ಗಳಿಗೆ ಇದಲ್ಲ. ಆ ಕಾಗದದ ಹರಳು ಸುಮಾರು ಹತ್ತು ಮೈಕ್ರಾನಿನದು, ಅದು ಉಳಿಸಿದ ಗೀರುಗಳನ್ನು ಇನ್ನೂ ಸಣ್ಣ ಪುಡಿಯಿಂದ ಅಳಿಸಬೇಕು. ವಾಹನಗಳ ಬಿಡಿಭಾಗದ ಅಂಗಡಿಯಲ್ಲಿ ಪಾಲಿಷ್ ಮಾಡುವ ಕಾಂಪೌಂಡ್ ಸಿಗುತ್ತದೆ. ಅದಿಲ್ಲದಿದ್ದರೆ ಹಲ್ಲುಜ್ಜುವ ಬಿಳಿಯ ಪೇಸ್ಟೂ ಆದೀತು, ಅದರಲ್ಲಿರುವುದೂ ನುಣ್ಣನೆಯ ಪುಡಿಯೇ. ಹಳೆಯ ಬನಿಯನ್ ಬಟ್ಟೆಯಲ್ಲಿ ಕಡಲೆಗಾತ್ರ ತೆಗೆದುಕೊಂಡು ಸಣ್ಣ ಸಣ್ಣ ಸುತ್ತಿನಲ್ಲಿ ಉಜ್ಜುತ್ತ ಹೋದಂತೆ ಮೊದಲು ಮಸುಕಾಗಿ, ಆಮೇಲೆ ಚೌಕಟ್ಟು ಸಮೇತ, ಕಿಟಕಿ ಅದರಲ್ಲಿ ಮೂಡುತ್ತದೆ. ಚನ್ನಪಟ್ಟಣದ ಗರಿ ಮಾಡುವ ಕೆಲಸವನ್ನು ಇಲ್ಲಿ ಬನಿಯನ್ ಚೂರು ಮಾಡುತ್ತದೆ. ಗಾಡಿಯ ಏಣುಗಳ ಮೇಲೆ ಮಾತ್ರ ಕೈ ಹಗುರವಿರಲಿ, ಅಲ್ಲಿ ಬಣ್ಣ ತೆಳುವಾಗಿದ್ದು ಪ್ಲಾಸ್ಟಿಕ್ ಇಣುಕುತ್ತದೆ.

ಥಿನ್ನರಿನ ವಿಷಯ ಬೇರೆಯಾಗಿಯೇ ಹೇಳಬೇಕು. ಗಾಡಿಗಳ ಬಣ್ಣಕ್ಕೆ ಗ್ಯಾರೇಜಿನಲ್ಲಿ ಬಳಸುವ ಕಟುವಾಸನೆಯ ಥಿನ್ನರ್ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಥರ್ಮೊಕೋಲ್ ಕೂಡ ಪಾಲಿಸ್ಟೈರೀನೇ, ಗಾಳಿ ತುಂಬಿ ಉಬ್ಬಿಸಿದ್ದು. ಅಸಿಟೋನ್ ಇರುವ ಉಗುರುಬಣ್ಣದ ರಿಮೂವರನ್ನು ಅದರ ಮೇಲೆ ಒಂದು ಹನಿ ಬಿಟ್ಟರೆ ಕಣ್ಣೆದುರೇ ಕುಸಿಯುತ್ತದೆ. ಥರ್ಮೊಕೋಲ್ ಗುಡ್ಡಕ್ಕೆ ಸ್ಪ್ರೇ ಬಣ್ಣ ಹೊಡೆದು ಗುಡ್ಡವೇ ತೂತಾದ ಸಂಕಟ ಅನೇಕ ಶಾಲೆಗಳಿಗೆ ಗೊತ್ತಿರುವುದೇ. ಯಾವ ಬಣ್ಣವನ್ನಾಗಲಿ ಗಾಡಿಗೆ ಮುಟ್ಟಿಸುವ ಮುನ್ನ ಸಿ.ಡಿ. ಡಬ್ಬಿಯ ಮೂಲೆಗೆ ಹಚ್ಚಿ ನೋಡಬೇಕು.

ಹಿರಿಯರು ಜೊತೆಗಿರಬೇಕಾದದ್ದು ಇಲ್ಲಿ. ಟರ್ಪೆಂಟೈನ್, ಥಿನ್ನರ್ ಎರಡೂ ಬೇಗ ಹೊತ್ತಿಕೊಳ್ಳುವ ದ್ರವಗಳು. ಒಲೆ, ದೀಪ, ಊದುಬತ್ತಿ ಯಾವುದೂ ಹತ್ತಿರ ಇರಬಾರದು. ಜಗುಲಿಯೋ ಹಿತ್ತಿಲ ಬಾಗಿಲೋ ಆದರೆ ಆವಿ ತಲೆಗೇರುವುದಿಲ್ಲ. ಬಟ್ಟೆಯ ಮಾಸ್ಕು ಧೂಳನ್ನು ತಡೆದೀತು, ಆವಿಯನ್ನಲ್ಲ. ಉಳಿದ ಟರ್ಪೆಂಟೈನನ್ನು ಕುಡಿಯುವ ನೀರಿನ ಅಥವಾ ತಂಪುಪಾನೀಯದ ಬಾಟಲಿಗೆ ತುಂಬಿಡುವುದು ನಮ್ಮಲ್ಲಿ ರೂಢಿ. ಆಡಿ ದಣಿದು ಬಂದ ಮಗು ಅದನ್ನು ನೀರೆಂದು ಎತ್ತಿದರೆ ಗತಿಯೇನು? ಹಾಗೇನಾದರೂ ಕುಡಿದರೆ ವಾಂತಿ ಮಾಡಿಸಕೂಡದು. ವಾಂತಿಯಾಗುವಾಗ ದ್ರವ ಶ್ವಾಸಕೋಶಕ್ಕೆ ಇಳಿಯುವುದೇ ದೊಡ್ಡ ಅಪಾಯ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಅಟ್ಟದ ಮೇಲಿನ ಹಳೆಯ ಬಣ್ಣದ ಡಬ್ಬಿಯನ್ನು ಮಕ್ಕಳ ಕೈಗೆ ಕೊಟ್ಟು ದುಡ್ಡು ಉಳಿಸುವುದೂ ಬೇಡ. ಹಿಂದಿನ ಎನಾಮಲ್ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೆಂಪುಗಳಲ್ಲಿ ಸೀಸದ ಸಂಯುಕ್ತಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ಸೀಸ ಬೆಳೆಯುವ ಮಕ್ಕಳ ಮೆದುಳಿಗೆ ಕೆಡುಕು ಮಾಡುತ್ತದೆ, ಮಾಡಿದ ಕೆಡುಕು ಮರಳಿ ಸರಿಹೋಗುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷಯವನ್ನು ದಶಕಗಳ ಕಾಲ ಹೇಳುತ್ತ ಬಂದವರು. ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿ, ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂದು ಗೊತ್ತುಪಡಿಸಿತು. 2017ರ ನವೆಂಬರಿನಿಂದ ಅದು ಜಾರಿಗೆ ಬಂತು. ಆ ಮಾತು ಡಬ್ಬಿಯ ಮೇಲೆ ಅಚ್ಚಾಗಿರುವುದನ್ನು ನೋಡಿಯೇ ಕೊಳ್ಳಬೇಕು. ಹಳೆಯ ಬಣ್ಣದ ಆಟಿಕೆಯನ್ನು ಉಜ್ಜಿ ಪುಡಿ ಎಬ್ಬಿಸುವುದಂತೂ ಕೂಡದು. ಬಾಯಿಗಿಟ್ಟುಕೊಳ್ಳುವ ವಯಸ್ಸಿನ ತಮ್ಮ ತಂಗಿಯರಿದ್ದರೆ, ಮನೆಯಲ್ಲಿ ಬಣ್ಣ ಹಚ್ಚಿದ ಗಾಡಿ ಗಾಜಿನ ಬೀರುವಿನೊಳಗಿರಲಿ.

ಕುಂಚ ತೊಳೆದ ಟರ್ಪೆಂಟೈನನ್ನು ತೆಂಗಿನ ಪಾತಿಗೋ ಚರಂಡಿಗೋ ಸುರಿಯಬಾರದು. ಒಂದು ಗಾಜಿನ ಸೀಸೆಗೆ ಹಾಕಿ, ಬಿಗಿಯಾಗಿ ಮುಚ್ಚಿ, ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು, ಮಕ್ಕಳ ಕೈಗೆ ಎಟುಕದಲ್ಲಿ ಇಟ್ಟರೆ ಕೆಲವು ದಿನಗಳಲ್ಲಿ ಬಣ್ಣ ತಳಕ್ಕಿಳಿದು ಮೇಲೆ ತಿಳಿ ನಿಲ್ಲುತ್ತದೆ. ತಿಳಿಯನ್ನು ಬಗ್ಗಿಸಿಕೊಂಡರೆ ಮುಂದಿನ ಗಾಡಿಯ ಕುಂಚ ತೊಳೆಯಲು ಅದೇ ಸಾಕು.